ಹಿಮೋಫಿಲಿಯಾ: ಗಾಯ ಹೊರಗಲ್ಲ, ಕೀಲಿನೊಳಗೆ

ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕುಸುಮ ರೋಗ ಇರುವವರಿಗೆ ಬೆರಳು ಕೊಯ್ದರೂ ಸಾಕು, ರಕ್ತ ಸುರಿದು ಪ್ರಾಣ ಹೋಗುತ್ತದೆ ಎಂಬ ನಂಬಿಕೆ ಇನ್ನೂ ಸತ್ತಿಲ್ಲ. ಸಣ್ಣ ಗಾಯ ಮುಚ್ಚಲು ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳೇ ಸಾಕು. ಈ ರೋಗಿಗಳಲ್ಲಿ ಅವು ಎಲ್ಲರಲ್ಲಿರುವಷ್ಟೇ ಇರುತ್ತವೆ, ನೆಟ್ಟಗೆ ಕೆಲಸವನ್ನೂ ಮಾಡುತ್ತವೆ. ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಹೆದರಬೇಕಾದದ್ದು ಕಣ್ಣಿಗೆ ಕಾಣದ ಜಾಗಗಳಿಗೆ: ಮಂಡಿ, ಮೊಣಕೈ, ಪಾದದ ಕೀಲು, ಆಳದ ಸ್ನಾಯು, ತಲೆಬುರುಡೆಯ ಒಳಗು.

ಅಲ್ಲೇ ಏಕೆ? ಪ್ಲೇಟ್‌ಲೆಟ್‌ಗಳು ಹರಿದ ರಕ್ತನಾಳಕ್ಕೆ ಕಟ್ಟುವ ತಡೆ ಗಾರೆಯಿಲ್ಲದೆ ಜೋಡಿಸಿದ ಇಟ್ಟಿಗೆಯಂತೆ. ಅದನ್ನು ಬಿಗಿಯುವುದು ಫೈಬ್ರಿನ್ ಎಳೆಗಳು. ಫೈಬ್ರಿನ್ ಆಗಲು ಥ್ರಾಂಬಿನ್ ಎಂಬ ಕಿಣ್ವ ಬೇಕು. ಗಾಯವಾದ ಅಂಗಾಂಶದಲ್ಲಿರುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಮೊದಲು ಒಂದಿಷ್ಟು ಥ್ರಾಂಬಿನ್ ಹುಟ್ಟಿಸುತ್ತದೆ, ಬೇಗನೆ ಸುಮ್ಮನಾಗುತ್ತದೆ. ಮುಂದಿನ ಹೊಣೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಾದ ಫ್ಯಾಕ್ಟರ್ 8 ಮತ್ತು 9ರದು. 9 ಕಿಣ್ವ, 8 ಅದರ ಸಹಾಯಕ. ಎರಡೂ ಪ್ಲೇಟ್‌ಲೆಟ್ ಮೈಮೇಲೆ ಕೂಡಿದಾಗ ಫ್ಯಾಕ್ಟರ್ 10 ಸಕ್ರಿಯವಾಗುವ ವೇಗ ಲಕ್ಷ ಪಟ್ಟಿಗೂ ಮೀರಿ ಏರುತ್ತದೆ, ಅದರಿಂದ ಥ್ರಾಂಬಿನ್ ಒಮ್ಮೆಲೇ ಉಕ್ಕುತ್ತದೆ. ಚರ್ಮದಲ್ಲಿ ಟಿಶ್ಯೂ ಫ್ಯಾಕ್ಟರ್ ಧಾರಾಳ. ಕೀಲಿನ ಒಳಪೊರೆಯಲ್ಲಿ, ಸ್ನಾಯುವಿನಲ್ಲಿ ಅದು ಅತಿ ಕಡಿಮೆ. ಅಲ್ಲಿ ಎರಡನೇ ಹಂತವೇ ಗತಿ. ಅದೇ ಕೈಕೊಟ್ಟರೆ ಒಸರುವಿಕೆ ದಿನಗಟ್ಟಲೆ ನಿಲ್ಲುವುದಿಲ್ಲ. ಸೋರಿದ ರಕ್ತದ ಕಬ್ಬಿಣ ಕೀಲಿನ ಪೊರೆಯನ್ನು ಕೆರಳಿಸುತ್ತದೆ, ಊದಿದ ಪೊರೆಯಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ, ಅವೂ ಒಡೆಯುತ್ತವೆ. ಹೀಗೆ ಒಂದೇ ಮಂಡಿ ಮತ್ತೆ ಮತ್ತೆ ಊದಿ, ಕೊನೆಗೆ ಮಡಚಲಾಗದೆ ಕೂರುತ್ತದೆ.

8ರ ಕೊರತೆ ಹಿಮೋಫಿಲಿಯಾ ಎ, 9ರದು ಬಿ. ರಕ್ತದಲ್ಲಿ ಫ್ಯಾಕ್ಟರ್ ಮಟ್ಟ ಸಾಮಾನ್ಯ ಮಟ್ಟದ ಶೇ 1ಕ್ಕಿಂತ ಕಡಿಮೆಯಿದ್ದರೆ ತೀವ್ರ, 1ರಿಂದ 5 ಮಧ್ಯಮ, 40ರೊಳಗೆ ಸೌಮ್ಯ. ಎರಡರ ಜೀನ್‌ಗಳೂ ಎಕ್ಸ್ ವರ್ಣತಂತುವಿನಲ್ಲಿವೆ. ರೋಗವಿರುವ ತಂದೆಯ ಹೆಣ್ಣುಮಕ್ಕಳೆಲ್ಲ ವಾಹಕಿಯರು, ಅಂದರೆ ಕೆಟ್ಟ ಜೀನ್ ಹೊತ್ತವರು. ಗಂಡುಮಕ್ಕಳಿಗೆ ಅವನಿಂದ ಏನೂ ಬರದು. ವಾಹಕಿ ತಾಯಿಯ ಪ್ರತಿ ಮಗನಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ, ಮೊದಲ ಮಗ ಪಾರಾದ ಎಂಬುದು ಎರಡನೆಯವನಿಗೆ ಲೆಕ್ಕಕ್ಕಿಲ್ಲ. ಶಾಪ, ಗ್ರಹಗತಿ ಎನ್ನುವವರು ಇದನ್ನೂ ಕೇಳಲಿ: ಸುಮಾರು ಮೂರನೇ ಒಂದರಷ್ಟು ಪ್ರಕರಣಗಳಲ್ಲಿ ಮನೆತನದಲ್ಲಿ ಯಾರಿಗೂ ರೋಗವಿರುವುದಿಲ್ಲ, ಜೀನ್ ಹೊಸದಾಗಿ ಕೆಟ್ಟಿರುತ್ತದೆ. ವಿಕ್ಟೋರಿಯಾ ರಾಣಿಯಿಂದ ರಷ್ಯಾದ ಅರಸುಕುವರ ಅಲೆಕ್ಸಿಯವರೆಗೆ ಹರಿದು ಬಂದದ್ದು ಬಿ ಬಗೆ ಎಂಬುದು 2009ರಲ್ಲಿ ಮೂಳೆಗಳ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯಿತು. ಇನ್ನು ವಾಹಕಿಗೆ ಏನೂ ಆಗದು ಎಂಬುದೂ ತಪ್ಪು. ಮಟ್ಟ ಶೇ 40ಕ್ಕಿಂತ ಇಳಿದಿದ್ದರೆ ಅವಳಿಗೂ ಮುಟ್ಟಿನಲ್ಲಿ, ಹೆರಿಗೆಯ ನಂತರ ಅತಿಯಾಗಿ ರಕ್ತ ಹೋಗಬಹುದು.

ಪತ್ತೆಗೆ ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಎಪಿಟಿಟಿ ಪರೀಕ್ಷೆ: ಅದರ ಹೊತ್ತು ಲಂಬಿಸಿ, ಅಂಥದೇ ಇನ್ನೊಂದು ಪರೀಕ್ಷೆಯಾದ ಪಿಟಿ ಸರಿಯಿದ್ದರೆ ಅನುಮಾನ ಇತ್ತ ತಿರುಗುತ್ತದೆ. ಪರೀಕ್ಷೆಯ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ನಳಿಕೆಯಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು. ಗೆರೆಯವರೆಗೆ ತುಂಬದಿದ್ದರೆ ಉಳಿದ ಸಿಟ್ರೇಟ್ ಪರೀಕ್ಷೆಯ ಕ್ಯಾಲ್ಸಿಯಂ ನುಂಗಿ, ಆರೋಗ್ಯವಂತನ ಎಪಿಟಿಟಿಯನ್ನೂ ಎಳೆಯುತ್ತದೆ.

ಚಿಕಿತ್ಸೆಯ ಲೆಕ್ಕ ಸರಳ. ಕಿಲೋ ತೂಕಕ್ಕೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ಮಟ್ಟ ಶೇ 2ರಷ್ಟು ಏರುತ್ತದೆ, ಫ್ಯಾಕ್ಟರ್ 9 ಆದರೆ ಸುಮಾರು ಶೇ 1. 30 ಕಿಲೋ ಹುಡುಗನಿಗೆ ಮಟ್ಟ ಶೇ 40ರಷ್ಟು ಏರಿಸಲು 8 ಆದರೆ 600 ಯೂನಿಟ್, 9 ಆದರೆ 1200. ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಕುಲುಕಿದರೆ ನೊರೆಯಾಗಿ ಪ್ರೋಟೀನ್ ಕೆಡುತ್ತದೆ. ಕೀಲಿನಲ್ಲಿ ಜುಮ್ಮೆಂದಾಗಲೇ ಕೊಡಬೇಕು, ಊತಕ್ಕೆ ಕಾಯಬಾರದು. ಆಸ್ಪಿರಿನ್ ಬೇಡ, ಸ್ನಾಯುವಿಗೆ ಇಂಜೆಕ್ಷನ್ ಬೇಡ.

ತೀವ್ರ ಎ ಬಗೆಯವರಲ್ಲಿ ಶೇ 25–30 ಮಂದಿಯ ದೇಹ ಹೊರಗಿನ ಫ್ಯಾಕ್ಟರ್ 8ರ ವಿರುದ್ಧ ಪ್ರತಿಕಾಯ ಬೆಳೆಸಿಬಿಡುತ್ತದೆ, ಔಷಧ ನಾಟುವುದಿಲ್ಲ. ಅವರಿಗೆ 2017ರಲ್ಲಿ ಎಮಿಸಿಜುಮ್ಯಾಬ್ ಬಂತು. 9 ಮತ್ತು 10ನ್ನು ತಾನೇ ಹಿಡಿದು ಹತ್ತಿರ ತರುವ ಈ ಕೃತಕ ಪ್ರತಿಕಾಯ 8ರ ಗೈರನ್ನು ತುಂಬುತ್ತದೆ. ಚರ್ಮದಡಿ ಚುಚ್ಚಿದರಾಯಿತು, ವಾರಕ್ಕೊಮ್ಮೆಯಿಂದ ನಾಲ್ಕು ವಾರಕ್ಕೊಮ್ಮೆ. ಅದನ್ನು ಪಡೆಯುತ್ತಿರುವವರ ಎಪಿಟಿಟಿ ಸರಿಯಿರುವಂತೆ ತೋರುತ್ತದೆ, ನಂಬಬಾರದು. 2022ರಿಂದ ಜೀನ್ ಚಿಕಿತ್ಸೆಗೂ ಅನುಮತಿಯಿದೆ: ವೈರಸ್ ಮೂಲಕ ಸರಿಯಾದ ಜೀನ್ ಯಕೃತ್ತನ್ನು ಸೇರುತ್ತದೆ. ವೀರ್ಯಾಣುವಿನ ಎಕ್ಸ್ ಮಾತ್ರ ಹಾಗೇ ಉಳಿಯುವುದರಿಂದ, ಚಿಕಿತ್ಸೆ ಫಲಿಸಿದ ತಂದೆಯ ಹೆಣ್ಣುಮಕ್ಕಳೂ ವಾಹಕಿಯರೇ.