ಸರಕು ತಡೆಯುವ ಮುನ್ನ, ತಡೆದ ಮೇಲೆ

2022ರ ಜುಲೈ 29ರಂದು ಅಮೆರಿಕದ ಕಸ್ಟಮ್ಸ್ ಇಲಾಖೆ ತಮಿಳುನಾಡಿನ ದಿಂಡಿಗಲ್ ಸೀಮೆಯ ನಾಚಿ ಅಪಾರೆಲ್ ಕಾರ್ಖಾನೆಯ ಉಡುಪುಗಳನ್ನು ಬಂದರಿನಲ್ಲೇ ತಡೆಯಲು ಆದೇಶಿಸಿತು. ಕಾರಣ, ಬಲವಂತದ ದುಡಿಮೆಯ ಸುಳಿವು. ಅದಕ್ಕೂ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ, ಅಲ್ಲಿನ ಕಾರ್ಮಿಕ ಸಂಘವೂ ಮಾತೃಸಂಸ್ಥೆ ಈಸ್ಟ್‌ಮನ್ ಕೂಡ ಕಿರುಕುಳ ತಡೆಗೆ ‘ದಿಂಡಿಗಲ್ ಒಪ್ಪಂದ’ ಮಾಡಿಕೊಂಡಿದ್ದವು. ಸರಿಪಡಿಸಿದ್ದಕ್ಕೆ ಪುರಾವೆ ಸಿಕ್ಕ ಮೇಲೆ ಸೆಪ್ಟೆಂಬರ್ 7ರಂದು ತಡೆ ತೆರವಾಯಿತು. ನಡುವೆ 40 ದಿನ. ಇಂಥ ಪ್ರಕರಣಗಳಲ್ಲಿ ಇದು ಬಹಳ ಬೇಗ ಮುಗಿದದ್ದೇ ಸರಿ.

ಈ ಅಧಿಕಾರದ ಬೇರು, ಬಲವಂತದ ದುಡಿಮೆಯ ಸರಕಿನ ಆಮದನ್ನು ನಿಷೇಧಿಸುವ ಅಮೆರಿಕದ 1930ರ ಸುಂಕ ಕಾಯ್ದೆಯ 307ನೇ ಕಲಮಿನಲ್ಲಿದೆ. ದೇಶದೊಳಗೆ ಸಾಕಷ್ಟು ಸಿಗದ ಸರಕಿಗೆ ಇದ್ದ ವಿನಾಯಿತಿಯನ್ನು 2016ರಲ್ಲಿ ತೆಗೆದುಹಾಕಿದ ಮೇಲೆ ಕಲಮಿಗೆ ಜೀವ ಬಂತು. ದೂರನ್ನು ಯಾರೂ ಕೊಡಬಹುದು. ಅಂತಿಮವಾಗಿ ಸಾಬೀತಾಗದಿದ್ದರೂ ನಂಬಲು ತಕ್ಕ ಮಾಹಿತಿ ಇದ್ದರೆ ತಡೆ ಆದೇಶ ಹೊರಡುತ್ತದೆ. ಕಾರ್ಖಾನೆಗೆ ಮುಂಚಿತ ನೋಟಿಸ್ ಕೊಡಬೇಕೆಂಬ ನಿಯಮವಿಲ್ಲ, ವಿಚಾರಣೆಯೂ ಇಲ್ಲ. ಕಾನೂನು ಮಾತಾಡುವುದು ಆಮದುದಾರನ ಜೊತೆಗೆ. ಬಟ್ಟೆ ಹೊಲಿಸಿದವರೂ ಹೊಲಿದವರೂ ಆ ಮಾತಿನ ಹೊರಗೆ.

ಆಮದುದಾರನಿಗೆ ಎರಡು ದಾರಿ: ಸರಕನ್ನು ಬೇರೆ ದೇಶಕ್ಕೆ ಕಳಿಸುವುದು, ಇಲ್ಲವೇ 3 ತಿಂಗಳೊಳಗೆ ಪುರಾವೆ ಕೊಡುವುದು. ಈ 3 ತಿಂಗಳು ಶುರುವಾಗುವುದು ಸರಕು ಆಮದಾದ ದಿನದಿಂದ, ತಡೆಯ ನೋಟಿಸ್ ಕೈಗೆ ಬಂದ ದಿನದಿಂದಲ್ಲ. ಇಲ್ಲಿ ಎಡವುವವರು ಬಹಳ. ಕೊಡಬೇಕಾದ ಕಾಗದವೂ ಎರಡು: ಸರಕಿನ ಮೂಲ ಯಾವುದೆಂದು ತಿಳಿಸುವ, ಮಾರಿದವನು ಸಹಿ ಹಾಕಿದ ಪ್ರಮಾಣಪತ್ರ, ಮತ್ತು ಪ್ರತಿ ಬಿಡಿಭಾಗ ಎಲ್ಲಿಂದ ಬಂತು, ಯಾವ ಬಗೆಯ ದುಡಿಮೆಯಿಂದ ಆಯಿತು ಎಂಬುದನ್ನು ಪತ್ತೆಹಚ್ಚಲು ಏನೇನು ಮಾಡಿದೆವು ಎನ್ನುವ ಆಮದುದಾರನ ವಿವರವಾದ ಹೇಳಿಕೆ.

ಅರ್ಜಿ ಸೋಲುವುದು ಹೆಚ್ಚಾಗಿ ಈ ಎರಡನೆಯದರಲ್ಲಿ. ಬಯರ್‌ಗೆ ತೋರಿಸಿದ ಸೋಶಿಯಲ್ ಆಡಿಟ್ ಸರ್ಟಿಫಿಕೇಟನ್ನೇ ಲಗತ್ತಿಸಿಬಿಡುತ್ತಾರೆ. ಅದು ಆಡಿಟ್ ನಡೆದ ದಿನದ ಕಾರ್ಖಾನೆಯ ಚಿತ್ರ, ತಡೆಹಿಡಿದ ಲಾಟ್‌ನ ಚರಿತ್ರೆಯಲ್ಲ. ಬೇಕಾದದ್ದು ಆ ಲಾಟ್ ಯಾವ ಲೈನಿನಲ್ಲಿ ಯಾವ ವಾರ ಹೊಲಿದದ್ದು, ಆ ವಾರದ ಹಾಜರಿ, ಓವರ್‌ಟೈಮ್ ಲೆಕ್ಕ, ಬ್ಯಾಂಕಿಗೆ ಹೋದ ಸಂಬಳ, ಹಾಸ್ಟೆಲಿನಿಂದ ಹೊರಹೋಗುವ ನಿಯಮ, ನೇಮಕಾತಿ ಏಜೆಂಟನಿಗೆ ಯಾರು ಎಷ್ಟು ತೆತ್ತರು ಎಂಬುದು. ಹಾಜರಿಯೂ ಸಂಬಳಪಟ್ಟಿಯೂ ತಾಳೆಯಾಗದಿದ್ದರೆ ಉಳಿದ ಕಡತವೆಲ್ಲ ಅನುಮಾನಕ್ಕೆ ಒಳಗಾಗುತ್ತದೆ. ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಹುಡುಗಿಯರನ್ನು ಹಾಸ್ಟೆಲಿನಲ್ಲಿ ಇರಿಸಿರುವ ಬೆಂಗಳೂರಿನ ಗಾರ್ಮೆಂಟ್ಸ್‌ನವರು ಈ ಕಡತವನ್ನು ಶಿಪ್‌ಮೆಂಟ್‌ಗೆ ಮೊದಲೇ ಕಟ್ಟಿಡುವುದು ಲೇಸು.

ಶಿನ್‌ಜಿಯಾಂಗ್ ಹತ್ತಿಯ ಮಾತು ಬೇರೆ. 2022ರ ಜೂನ್ 21ರಿಂದ ಜಾರಿಯಲ್ಲಿರುವ ಅಮೆರಿಕದ ಉಯ್ಘರ್ ಕಾಯ್ದೆಯಲ್ಲಿ, ಚೀನಾದ ಆ ಪ್ರಾಂತ್ಯದ ಸರಕೆಂದರೆ ಬಲವಂತದ ದುಡಿಮೆ ನಡೆದಿದೆ ಎಂದೇ ಮೊದಲು ಭಾವಿಸಲಾಗುತ್ತದೆ. ಅಲ್ಲವೆಂದು ಸಾಧಿಸುವ ಹೊರೆ ಪೂರ್ತಿ ಆಮದುದಾರನದು.

ಹಾಗಾದರೆ ಮುಂಚಿತ ನೋಟಿಸ್ ಕಡ್ಡಾಯವಾಗಲಿ ಎಂದು ಉದ್ಯಮದವರು ಕೇಳುತ್ತಾರೆ. ಒಪ್ಪಲಾಗದು. ಮಾಲೀಕನ ಬೀರುವಿನಲ್ಲಿ ಪಾಸ್‌ಪೋರ್ಟ್ ಸಿಕ್ಕಿಹಾಕಿಕೊಂಡಿರುವ ಕಾರ್ಮಿಕ ದೂರು ಕೊಟ್ಟಿದ್ದರೆ, ನೋಟಿಸ್ ತಲುಪಿದ ರಾತ್ರಿಯೇ ರಿಜಿಸ್ಟರ್‌ಗಳು ಹೊಸದಾಗಿ ಹುಟ್ಟುತ್ತವೆ, ದೂರುದಾರ ಊರು ಸೇರುತ್ತಾನೆ. ಗುಟ್ಟಾಗಿ, ದಿಢೀರನೆ ಬೀಳುವ ಏಟಿಗೆ ಫಲವೂ ಉಂಟು. ಮಲೇಷ್ಯಾದ ಕೈಗವಸು ಕಂಪನಿ ಟಾಪ್ ಗ್ಲೋವ್ ಮೇಲೆ 2020ರ ಜುಲೈನಲ್ಲಿ ತಡೆ ಬಿತ್ತು, 2021ರ ಮಾರ್ಚ್‌ನಲ್ಲಿ ಅದು ಜಪ್ತಿಯ ಹಂತಕ್ಕೇರಿತು. ಸೆಪ್ಟೆಂಬರ್‌ನಲ್ಲಿ ತೆರವಾಗುವಷ್ಟರಲ್ಲಿ ಕಂಪನಿ ವಲಸೆ ಕಾರ್ಮಿಕರಿಗೆ 3 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಟ್ಟಿತ್ತು.

ಕೊರತೆ ಇರುವುದು ಆದೇಶದ ನಂತರ. ಯಾವ ಸುಳಿವು, ಯಾವ ಅವಧಿಯದು, ಏನು ಸರಿಹೋದರೆ ತಡೆ ತೆರವು ಎಂಬುದನ್ನು ಬರಹದಲ್ಲಿ ಕೊಡಬೇಕಿಲ್ಲ. ತೆರವಿನ ಅರ್ಜಿ ಇಷ್ಟು ದಿನದಲ್ಲಿ ಇತ್ಯರ್ಥವಾಗಬೇಕೆಂಬ ಗಡುವೂ ಇಲ್ಲ. ಬಯರ್ ಕಾಯುವುದಿಲ್ಲ, ಆರ್ಡರ್ ಬೇರೆಡೆ ಹೋಗುತ್ತದೆ, ಮೊದಲು ಕೆಲಸ ಕಳೆದುಕೊಳ್ಳುವವಳು ಯಾರ ಹೆಸರಿನಲ್ಲಿ ತಡೆ ಬಿದ್ದಿತೋ ಅವಳೇ.

ಅದೇ ಅಮೆರಿಕ ಮೆಕ್ಸಿಕೊ, ಕೆನಡಾಗಳೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದದಲ್ಲಿ ಗಡಿಯಾರ ಇಟ್ಟಿದೆ: ಕಾರ್ಮಿಕ ಸಂಘದ ಹಕ್ಕಿನ ಬಗೆಗಿನ ದೂರಿನ ಪರಿಶೀಲನೆಗೆ 30 ದಿನ, ತನಿಖೆಗೆ ಒಪ್ಪಲು ಮೆಕ್ಸಿಕೊಗೆ 10 ದಿನ, ತನಿಖೆಗೆ 45 ದಿನ. 2021ರಲ್ಲಿ ಮೆಕ್ಸಿಕೊದ ಸಿಲಾವೊದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಸಂಘದ ಕರಾರಿನ ಮತದಾನ ಅಕ್ರಮವೆಂಬ ಪ್ರಕರಣದಲ್ಲಿ ಸುಂಕದ ಅಂತಿಮ ಲೆಕ್ಕವನ್ನಷ್ಟೇ ತಡೆಹಿಡಿದರು. ಗಾಡಿಗಳು ಗಡಿ ದಾಟುತ್ತಲೇ ಇದ್ದವು. ಮೇ 12ರಂದು ತನಿಖೆಯ ಕೋರಿಕೆ ಹೋಯಿತು. ಆಗಸ್ಟ್‌ನಲ್ಲಿ ಕಾರ್ಮಿಕರು ಮತ್ತೆ ಗುಪ್ತ ಮತದಾನ ಮಾಡಿ ಹಳೆಯ ಸಂಘದ ಕರಾರನ್ನು ತಿರಸ್ಕರಿಸಿದರು.