ಮೂವತ್ತು ಮರಿ, ಒಂದೇ ಮನೆತನ

ಮಳೆಗಾಲಕ್ಕೆ ಮೊದಲು ಆಗುಂಬೆ, ತೀರ್ಥಹಳ್ಳಿ ಕಡೆ ತೋಟದ ಅಂಚಲ್ಲೋ ಬಿದಿರು ಮೆಳೆ ಹತ್ತಿರವೋ ಕಾಳಿಂಗ ಸರ್ಪದ ಗೂಡು ಸಿಗುವುದುಂಟು. ಹೆಣ್ಣು ಕಾಳಿಂಗ ಮೈ ಸುತ್ತಿ ದರಗೆಲೆ ಎಳೆದೆಳೆದು ಗುಡ್ಡೆ ಹಾಕುತ್ತದೆ, ಒಳಗೆ 20–30 ಮೊಟ್ಟೆ ಇಡುತ್ತದೆ. ಎಲೆ ಎಷ್ಟು ಒತ್ತಾಗಿರುತ್ತದೆ ಅಂದರೆ, ಮಲೆನಾಡಿನ ಜಡಿಮಳೆಯಲ್ಲೂ ಮೊಟ್ಟೆ ನೆನೆಯುವುದು ಕಡಿಮೆ.

30 ಮರಿ ಹೊರಬಂದರೆ ಯಾರಿಗೆ ಖುಷಿಯಾಗಲ್ಲ? ಆದರೆ ಅಷ್ಟೂ ಒಂದೇ ತಾಯಿಯ ಮಕ್ಕಳು. ಕಾಡಲ್ಲಿ ಇದರಿಂದ ತೊಂದರೆಯಿಲ್ಲ. ಮರಿಗಳು ಚೆದುರುತ್ತವೆ, ಜಾಸ್ತಿ ಪಾಲು ಸತ್ತೂ ಹೋಗುತ್ತವೆ. ಬೇಸಿಗೆಯಲ್ಲಿ ಗಂಡು ಹೆಣ್ಣಿನ ವಾಸನೆ ಹಿಡಿದು ದೂರ ಹೋಗುತ್ತದೆ, ಇನ್ನೊಂದು ಗಂಡು ಎದುರಾದರೆ ಹೆಡೆಯೆತ್ತಿ ಕುಸ್ತಿಗಿಳಿಯುತ್ತದೆ. ಮೃಗಾಲಯದಲ್ಲಿ ಈ ಓಡಾಟವೂ ಇಲ್ಲ, ಪೈಪೋಟಿಯೂ ಇಲ್ಲ. ಯಾವುದಕ್ಕೆ ಯಾವುದು ಜೋಡಿ ಅನ್ನುವುದು ನಮ್ಮ ಕೈಯಲ್ಲಿದೆ.

ಒಡಹುಟ್ಟಿದವುಗಳನ್ನೇ ಜೋಡಿ ಮಾಡಿದರೆ, ಹುಟ್ಟುವ ಮರಿಯ ಯಾವುದೇ ಜೀನ್‌ನ ಎರಡೂ ಪ್ರತಿ ಹಿರಿಯರೊಬ್ಬರ ಒಂದೇ ಪ್ರತಿಯಿಂದ ಬಂದಿರುವ ಸಾಧ್ಯತೆ 25%. ಒಂಟಿಯಾಗಿದ್ದಾಗ ಅಡಗಿ ಕೂತಿದ್ದ ಕೆಟ್ಟ ಜೀನ್ ಜೋಡಿಯಾದ ಕೂಡಲೇ ತಲೆ ಎತ್ತುತ್ತದೆ. ದನ ಸಾಕುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಮಗಳ ಮೇಲೆ ಅದೇ ಹೋರಿಯನ್ನು ಬಿಡುವುದಿಲ್ಲ.

ಹಾವಿನಲ್ಲೇ ಇದಕ್ಕೆ ಸಾಕ್ಷಿಯಿದೆ. ಸ್ವೀಡನ್ನಿನ ದಕ್ಷಿಣ ತೀರದಲ್ಲಿ ಆಡರ್ ಹಾವುಗಳ ಸಣ್ಣ ಗುಂಪೊಂದು ಹೊಲಗಳ ನಡುವೆ ಸಿಕ್ಕಿಕೊಂಡಿತ್ತು. ಈ ಹಾವು ಮರಿ ಹಾಕುತ್ತದೆ. ಎಷ್ಟೋ ಮರಿ ಸತ್ತೇ ಹುಟ್ಟುತ್ತಿದ್ದವು, ಕೆಲವು ಅಂಗ ವಿಕಾರವಾಗಿ. 1992ರಲ್ಲಿ ಬೇರೆ ಕಡೆಯಿಂದ 20 ಗಂಡು ತಂದು ಬಿಟ್ಟರು, ಕೂಡುವ ಕಾಲ ನಾಲ್ಕು ಕಳೆದ ಮೇಲೆ ಅವುಗಳಲ್ಲಿ ಉಳಿದವನ್ನು ವಾಪಸ್ ಒಯ್ದರು. 1999ರ ಹೊತ್ತಿಗೆ ಆ ಗುಂಪು ಚೇತರಿಸಿಕೊಂಡಿತ್ತು.

ಹಾಗಾದರೆ ನಮ್ಮ ಕಾಳಿಂಗಕ್ಕೂ ಎಲ್ಲಿಂದಲೋ ಒಂದು ಗಂಡು ತಂದರೆ ಆಯ್ತಲ್ವಾ? ಇಲ್ಲ. ಒಂದೇ ಜಾತಿ ಅಂದುಕೊಂಡಿದ್ದ ಈ ಹಾವಿನಲ್ಲಿ ನಾಲ್ಕು ಪ್ರಭೇದಗಳಿವೆ ಎಂದು 2024ರಲ್ಲಿ ಪ್ರಕಟವಾಯಿತು. ಪಶ್ಚಿಮ ಘಟ್ಟದ್ದಕ್ಕೆ ನಮ್ಮ ಹೆಸರೇ, ಓಫಿಯೋಫೇಗಸ್ ಕಾಳಿಂಗ. ಈಶಾನ್ಯ ಭಾರತದ್ದರ ಜೊತೆ ಕೂಡಿಸಿದರೆ ಹುಟ್ಟುವುದು ಬೆರಕೆ. ಹೊಸ ರಕ್ತವೂ ಬೇಕು, ಅದು ಇದೇ ಘಟ್ಟದ್ದೂ ಆಗಿರಬೇಕು.

ಹಾಗಾಗಿ ಸಾಕುವ ಪ್ರತಿ ಹಾವಿಗೂ ವಂಶಾವಳಿ ಬರೆದಿಡಲೇಬೇಕು: ಯಾವ ಊರಿಂದ ಬಂತು, ತಾಯಿ ಯಾವುದು, ತಂದೆ ಯಾವುದು. ಅದಿಲ್ಲದೆ ಜೋಡಿ ಮಾಡಲೇಬಾರದು ಅನ್ನುತ್ತೇನೆ ನಾನು. ಹಳೇ ಹಾವುಗಳ ದಾಖಲೆ ಸಿಗದಿದ್ದರೂ ದಾರಿಯಿದೆ. ಬಿಟ್ಟ ಪೊರೆಯಿಂದಲೇ ಡಿಎನ್‌ಎ ತೆಗೆದು ಯಾವುದಕ್ಕೆ ಯಾವುದು ನೆಂಟ ಎಂದು ನೋಡಬಹುದು. ಹಾವನ್ನು ಮುಟ್ಟುವುದೂ ಬೇಡ.