ಶಾಲೆ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಬ್ಯಾಂಕ್ ಕೆಲಸ ಮಾಡಬಹುದೇ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೇನೆ. ಈ ವರ್ಷ ಶಾಲೆಯಿಂದ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ, ಹತ್ತನೇ ತರಗತಿ ಮುಗಿದ ಮೇಲೆ ಹಿಂತಿರುಗಿಸಬೇಕು. ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲ. ಅಪ್ಪ ಇದರಲ್ಲೇ ಪಹಣಿ ನೋಡುತ್ತಾರೆ, ಬ್ಯಾಂಕ್ ಖಾತೆ ನೋಡುತ್ತಾರೆ. ಅಣ್ಣ ರಾತ್ರಿ ಸಿನಿಮಾ ಹಾಕಿಕೊಳ್ಳುತ್ತಾನೆ. ನಾವು ಮಾಡುವುದೆಲ್ಲ ಶಾಲೆಯವರಿಗೆ ಕಾಣುತ್ತದೆಯೇ? ಹೀಗೆ ಬಳಸುವುದು ತಪ್ಪೇ?

ಉತ್ತರ: ಪಹಣಿ ನೋಡಬಹುದು. ಬ್ಯಾಂಕ್ ಕೆಲಸ ಬೇಡ. ಅಣ್ಣನ ಸಿನಿಮಾ ಖಂಡಿತ ಬೇಡ. ಎಲ್ಲವೂ ಕಾಣುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಇಷ್ಟು ಚಿಕ್ಕ ಉತ್ತರ ಸಾಲದು.

ಶಾಲೆಗಳು ಕೊಡುವ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಅಂಗಡಿಯಿಂದ ತಂದಂತೆಯೇ ಇರುತ್ತವೆ. ಮೇಲೊಂದು ಶಾಲೆಯ ಚೀಟಿ ಅಂಟಿಸಿರುತ್ತಾರೆ, ಅಷ್ಟೇ. ಉಳಿದವನ್ನು ಶಾಲೆಯವರು ಕುಳಿತಲ್ಲಿಂದಲೇ ನಿಯಂತ್ರಿಸುತ್ತಾರೆ. ನಿನ್ನದು ಯಾವ ಬಗೆಯದು ಎಂದು ನೀನೇ ನೋಡಿಕೊಳ್ಳಬಹುದು. ಕ್ರೋಮ್ ಬ್ರೌಸರ್ ತೆರೆದು ಬಲಮೂಲೆಯ ಮೂರು ಚುಕ್ಕಿಗಳನ್ನು ಒತ್ತು. ಇಳಿದುಬರುವ ಪಟ್ಟಿಯ ಕೊನೆಯಲ್ಲಿ, ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬರ್ಥದ ಸಾಲು ಇದ್ದರೆ ನಿಯಂತ್ರಣ ಶಾಲೆಯ ಕೈಯಲ್ಲಿದೆ ಎಂದೇ ತಿಳಿದುಕೋ. ವಿಂಡೋಸ್ ಯಂತ್ರವಾದರೆ ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಶಾಲೆಯ ಖಾತೆ ಜೋಡಿಸಿರುವುದು ಕಾಣುತ್ತದೆ.

ನಿಯಂತ್ರಣದಲ್ಲಿರುವ ಯಂತ್ರವಾದರೆ ಯಾರು ಯಾವಾಗ ಲಾಗಿನ್ ಆದರು, ಯಾವ ತಂತ್ರಾಂಶ ಹಾಕಿದರು ಎಂಬುದು ಶಾಲೆಗೆ ಸಿಗುತ್ತದೆ. ಶಾಲೆ ಆ ವ್ಯವಸ್ಥೆ ಮಾಡಿಕೊಂಡಿದ್ದರೆ ತೆರೆದ ಜಾಲತಾಣಗಳ ಪಟ್ಟಿಯೂ ಸಿಗುತ್ತದೆ. ಶಾಲೆಯ ಖಾತೆಯಲ್ಲಿ ಉಳಿಸಿದ ಕಡತಗಳನ್ನೂ ಆಡಳಿತ ನೋಡುವವರು ತೆರೆಯಬಲ್ಲರು. ತರಗತಿಯ ವೇಳೆಯಲ್ಲಿ ಮಕ್ಕಳ ಪರದೆಗಳನ್ನು ಮೇಷ್ಟ್ರ ಮೇಜಿನಿಂದಲೇ ನೋಡುವ ತಂತ್ರಾಂಶಗಳೂ ಇವೆ.

ಇಲ್ಲಿ ಮಕ್ಕಳು ಎರಡು ಭ್ರಮೆ ಇಟ್ಟುಕೊಂಡಿರುತ್ತಾರೆ. ಮನೆಯ ವೈಫೈ ಅಥವಾ ಅಪ್ಪನ ಮೊಬೈಲ್ ಹಾಟ್‌ಸ್ಪಾಟ್ ಬಳಸಿದರೆ ಶಾಲೆಗೆ ಗೊತ್ತಾಗದು ಎಂಬುದು ಒಂದು. ನಿಗಾ ಇಡುವ ತಂತ್ರಾಂಶ ಕುಳಿತಿರುವುದು ಯಂತ್ರದ ಒಳಗೆ, ಆದ್ದರಿಂದ ಇಂಟರ್‌ನೆಟ್ ಯಾರದ್ದಾದರೂ ಅದಕ್ಕೆ ಒಂದೇ. ನೋಡಿದ ತಾಣಗಳ ಪಟ್ಟಿಯನ್ನು ಬ್ರೌಸರ್ ಉಳಿಸಿಕೊಳ್ಳದ ಇನ್‌ಕಾಗ್ನಿಟೊ ಕಿಟಕಿ ತೆರೆದರೆ ಯಾವ ಕುರುಹೂ ಉಳಿಯದು ಎಂಬುದು ಇನ್ನೊಂದು. ನಿನ್ನ ನಂತರ ಅದೇ ಯಂತ್ರದಲ್ಲಿ ಕೂರುವ ಅಣ್ಣನಿಂದ ಅದು ಮರೆಮಾಡೀತು, ಶಾಲೆಯಿಂದಲ್ಲ. ಅನೇಕ ಶಾಲೆಗಳು ಆ ಕಿಟಕಿಯನ್ನೇ ಮುಚ್ಚಿರುತ್ತವೆ.

ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಯಂತ್ರ ಅವರದು, ನೋಡುವ ಹಕ್ಕು ಒಂದು ಮಟ್ಟಕ್ಕೆ ಅವರಿಗಿದೆ. ಆದರೆ ಮಿತಿಯೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಎಂಬಲ್ಲಿ, ಕಳೆದುಹೋದ ಲ್ಯಾಪ್‌ಟಾಪ್ ಪತ್ತೆಗೆಂದು ಹಾಕಿದ್ದ ತಂತ್ರಾಂಶ ಮಕ್ಕಳ ಮನೆಯೊಳಗಿನ ಚಿತ್ರಗಳನ್ನು ಕ್ಯಾಮೆರಾದಿಂದ ತೆಗೆಯುತ್ತಿತ್ತು ಎಂಬುದು 2010ರಲ್ಲಿ ಬಯಲಾಯಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿ, ಅದೇ ವರ್ಷ ಅಲ್ಲಿನ ಶಾಲಾ ಆಡಳಿತ 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಿಮ್ಮ ಶಾಲೆ ಹಾಗೆ ಮಾಡುತ್ತದೆ ಎಂದು ನಾನು ಭಾವಿಸುವುದಿಲ್ಲ. ಆದರೂ ಕೆಲಸ ಮುಗಿದ ಮೇಲೆ ಮುಚ್ಚಳ ಮುಚ್ಚಿಡು. ಮಲಗುವ ಕೋಣೆಗಿಂತ ನಡುಮನೆಯ ಮೇಜೇ ಅದಕ್ಕೆ ತಕ್ಕ ಜಾಗ.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಮಕ್ಕಳ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಮಕ್ಕಳ ಚಲನವಲನದ ಮೇಲೆ ಕಣ್ಣಿಡುವುದನ್ನು ಕಾಯ್ದೆ ನಿಷೇಧಿಸುತ್ತದೆಯಾದರೂ, ಕಲಿಕೆ ಮತ್ತು ಸುರಕ್ಷತೆಗೆ ಬೇಕಾದಷ್ಟರ ಮಟ್ಟಿಗೆ ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ವಿನಾಯಿತಿ ಸಿಕ್ಕಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಆ ನಿಯಮಗಳು ಹಂತಹಂತವಾಗಿ ಜಾರಿಗೆ ಬರಬೇಕಾದವು. ಲ್ಯಾಪ್‌ಟಾಪ್ ಕೊಡುವಾಗ ನಿನ್ನ ತಂದೆಯವರು ಒಂದು ಕಾಗದಕ್ಕೆ ಸಹಿ ಹಾಕಿರಬಹುದು. ಏನೇನು ನೋಡುತ್ತಾರೆ, ಮುರಿದರೆ ಯಾರು ಹಣ ಕೊಡಬೇಕು ಎಂಬುದು ಅದರಲ್ಲೇ ಇರಬೇಕು. ಇಂಗ್ಲಿಷಿನಲ್ಲಿದೆ ಎಂದು ಓದದೆ ಸಹಿ ಹಾಕಿದ್ದರೆ ಈಗಲಾದರೂ ಅದರ ಪ್ರತಿ ಕೇಳಿ ಪಡೆಯಿರಿ. ಕನ್ನಡದಲ್ಲಿ ವಿವರಿಸಿ ಎಂದು ಕೇಳಲು ಸಂಕೋಚ ಬೇಡ.

ಈಗ ಅಪ್ಪನ ವಿಷಯ. ಶಾಲೆಯ ಲ್ಯಾಪ್‌ಟಾಪ್ ಎಂದೊಡನೆ ಎಲ್ಲರೂ ಮಕ್ಕಳ ಆಟ, ವಿಡಿಯೊಗಳ ಬಗ್ಗೆಯೇ ಚಿಂತಿಸುತ್ತಾರೆ. ನನ್ನನ್ನು ಕೇಳಿದರೆ ದೊಡ್ಡ ತೊಡಕು ಬರುವುದು ಮನೆಯ ಹಿರಿಯರು ತಮ್ಮ ವ್ಯವಹಾರವನ್ನು ಅದರೊಳಗೆ ತಂದಾಗ.

ಪಹಣಿಯಲ್ಲಿ ಗುಟ್ಟೇನೂ ಇಲ್ಲ. ಹೋಬಳಿ, ಗ್ರಾಮ, ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲಿ ಯಾರ ಜಮೀನಿನ ವಿವರವನ್ನಾದರೂ ನೋಡಬಹುದು. ಕಾಫಿಯ ದರ, ಮೆಣಸಿನ ದರ ನೋಡುವುದೂ ಹಾಗೆಯೇ. ಬ್ಯಾಂಕ್ ಖಾತೆ ಹಾಗಲ್ಲ. ಬ್ಯಾಂಕಿನ ಪುಟದಲ್ಲಿ ಪಾಸ್‌ವರ್ಡ್ ಹಾಕಿದ ಕೂಡಲೇ, ಇದನ್ನು ಉಳಿಸಿಕೊಳ್ಳಲೇ ಎಂದು ಬ್ರೌಸರ್ ಕೇಳುತ್ತದೆ. ಅವಸರದಲ್ಲಿ ಹೂಂ ಎಂದು ಒತ್ತಿದರೆ ಅದು ಹೋಗಿ ಸೇರುವುದು ಆ ಬ್ರೌಸರ್‌ನಲ್ಲಿ ತೆರೆದಿರುವ ಖಾತೆಗೆ, ಅಂದರೆ ಶಾಲೆ ನಿನಗೆ ಕೊಟ್ಟ ಖಾತೆಗೆ. ನಾಳೆ ನೀನು ಶಾಲೆಯ ಲ್ಯಾಬಿನಲ್ಲಿ ಅದೇ ಖಾತೆಯಿಂದ ಬ್ರೌಸರ್ ತೆರೆದರೆ ಅಪ್ಪನ ಬ್ಯಾಂಕ್ ಪಾಸ್‌ವರ್ಡ್ ಅಲ್ಲಿಗೂ ಬಂದಿರಬಹುದು. ಹಣ ಹೋಗಬೇಕಾದರೆ ಮೊಬೈಲ್‌ಗೆ ಬರುವ ಒಟಿಪಿ ಬೇಕು, ನಿಜ. ಹಾಗೆಂದು ಅರ್ಧ ಬೀಗವನ್ನು ತೆರೆದಿಡುವುದು ಜಾಣತನವಲ್ಲ. ಇನ್ನು ಅಪ್ಪ ಇಳಿಸಿಕೊಂಡ ಖಾತೆಯ ವಿವರ, ಆಧಾರ್ ಪ್ರತಿ, ಬೆಳೆ ಸಾಲದ ಕಾಗದ ಎಲ್ಲವೂ ಡೌನ್‌ಲೋಡ್ಸ್ ಕಡತಕೋಶದಲ್ಲಿ ಹಾಗೆಯೇ ಬಿದ್ದಿರುತ್ತವೆ.

ಈಗಾಗಲೇ ಬಳಸಿದ್ದರೆ ಹೀಗೆ ಮಾಡಿ. ಅಪ್ಪ ತಮ್ಮ ಮೊಬೈಲ್‌ನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಲಿ. ನೀನು ಬ್ರೌಸರ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಉಳಿಸಿದ ಪಾಸ್‌ವರ್ಡ್‌ಗಳ ಪಟ್ಟಿಯಿಂದ ಹಳೆಯದನ್ನು ಅಳಿಸು. ಅಪ್ಪನ ಕಾಗದಗಳನ್ನು ಅವರ ಮೊಬೈಲ್‌ಗೆ ಸಾಗಿಸಿ, ಲ್ಯಾಪ್‌ಟಾಪ್‌ನಿಂದ ತೆಗೆದುಹಾಕು. ಅಳಿಸಿದ ಮೇಲೆ ರಿಸೈಕಲ್ ಬಿನ್ ಖಾಲಿ ಮಾಡುವುದನ್ನು ಮರೆಯಬೇಡ. ಅಪ್ಪನಿಗೆ ಇದನ್ನು ಹೇಳುವುದು ಹೇಗೆ ಎಂದು ಹಿಂಜರಿಕೆಯಾದರೆ ಈ ಉತ್ತರವನ್ನೇ ಅವರ ಕೈಗೆ ಕೊಡು.

ಅಣ್ಣನಿಗೆ ಹೇಳಬೇಕಾದದ್ದು ಇನ್ನೂ ನೇರವಾಗಿದೆ. ಹೊಸ ಸಿನಿಮಾ ಬಿಟ್ಟಿ ಸಿಗುವ ತಾಣಗಳಲ್ಲಿ ಸಿನಿಮಾದ ಜೊತೆಗೆ ವೈರಸ್ಸೂ ಬಿಟ್ಟಿಯಾಗಿ ಬರುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಯಾವ ತಾಣ ತೆರೆಯಿತು ಎಂಬ ದಾಖಲೆಯಲ್ಲಿ ಅವನ ಹೆಸರಿರುವುದಿಲ್ಲ, ನಿನ್ನ ಹೆಸರಿರುತ್ತದೆ. ನಾಳೆ ಉತ್ತರ ಕೊಡಬೇಕಾದವಳು ನೀನು. ಪಾಸ್‌ವರ್ಡ್ ಬದಲಿಸಿ ನಿನ್ನಲ್ಲೇ ಇಟ್ಟುಕೋ. ಜಗಳವಾದರೆ ಆಗಲಿ, ಒಂದು ದಿನದ್ದು.

ಪೆನ್‌ಡ್ರೈವ್ ಬಗ್ಗೆಯೂ ಒಂದು ಮಾತು. ಪ್ರಾಜೆಕ್ಟ್ ಮುದ್ರಿಸಲು ಜೆರಾಕ್ಸ್ ಅಂಗಡಿಗೆ ಒಯ್ದ ಪೆನ್‌ಡ್ರೈವ್ ಹತ್ತಾರು ಜನರ ಪೆನ್‌ಡ್ರೈವ್ ಹೊಕ್ಕ ಯಂತ್ರಕ್ಕೇ ಹೋಗಿ ಬರುತ್ತದೆ. ಅದನ್ನು ಮತ್ತೆ ಶಾಲೆಯ ಲ್ಯಾಪ್‌ಟಾಪ್‌ಗೆ ಚುಚ್ಚುವ ಮೊದಲು ವೈರಸ್ ಪರೀಕ್ಷೆ ಮಾಡು. ಅಂಗಡಿಯವರ ಇಮೇಲ್‌ಗೆ ಪಿಡಿಎಫ್ ಕಳುಹಿಸಿದರೆ ಇನ್ನೂ ಒಳ್ಳೆಯದು.

ನೀನು ಕೇಳದಿದ್ದರೂ ಮಳೆಯ ವಿಷಯ ಹೇಳಲೇಬೇಕು. ಅರಸೀಕೆರೆ, ಕಡೂರಿನ ಕಡೆಯವರಿಗೆ ಈ ಚಿಂತೆ ಅಷ್ಟಿಲ್ಲ. ಸಕಲೇಶಪುರ, ಮೂಡಿಗೆರೆ, ಶೃಂಗೇರಿಯ ಮನೆಗಳಲ್ಲಿ ಜೂನ್‌ನಿಂದ ಬಟ್ಟೆಯೇ ಒಣಗುವುದಿಲ್ಲ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ಬ್ಯಾಗಿನಲ್ಲೇ ಮುಚ್ಚಿಡಬೇಡ. ದಿನವೂ ಸ್ವಲ್ಪ ಹೊತ್ತು ಚಾಲೂ ಮಾಡಿದರೆ ಅದರ ಬಿಸಿಯೇ ತೇವವನ್ನು ದೂರವಿಡುತ್ತದೆ. ಬಸ್ಸಿಗೆ ನಡೆಯುವಾಗ ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರಲಿ.

ಕರೆಂಟ್ ಏರಿಳಿತಕ್ಕೆ ಹೆದರುವವರು ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಬೇಕು. ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದಿರುತ್ತದೆ. ಬಲ್ಬ್ ಮಂಕಾಗುವಷ್ಟು ವೋಲ್ಟೇಜ್ ಇಳಿದರೂ ಅದು ತಾಳಿಕೊಳ್ಳುತ್ತದೆ. ತಾಳಿಕೊಳ್ಳಲಾಗದ್ದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೇ ಕಿತ್ತುಬಿಡು, ಸ್ವಿಚ್ ಆರಿಸಿದರೆ ಸಾಲದು.

ಕಾಫಿ ಚೆಲ್ಲಿದರೆ ಅಥವಾ ನೀರು ಬಿದ್ದರೆ ತಕ್ಷಣ ಆಫ್ ಮಾಡಿ ಚಾರ್ಜರ್ ತೆಗೆ. ಅರ್ಧ ತೆರೆದು ಕೀಲಿಮಣೆ ಕೆಳಮುಖವಾಗುವಂತೆ ಬಟ್ಟೆಯ ಮೇಲೆ ಮಗುಚಿಡು. ಬಚ್ಚಲುಮನೆಯ ಹಂಡೆ ಒಲೆಯ ಬಳಿ ಇಟ್ಟು ಒಣಗಿಸುವುದು ಬೇಡ, ಅಕ್ಕಿ ಡಬ್ಬದಲ್ಲಿ ಹೂಳುವುದೂ ಬೇಡ. ಅತಿ ಬಿಸಿಯಲ್ಲಿ ಬ್ಯಾಟರಿ ಕೆಡುತ್ತದೆ, ಅಕ್ಕಿಯಿಂದ ದೂಳು ಒಳಗೆ ಹೋಗುವುದೇ ಹೆಚ್ಚು. ಒಣಗಿತೇ ನೋಡೋಣ ಎಂದು ಆನ್ ಮಾಡಿ ಪರೀಕ್ಷಿಸಬೇಡ. ಮರುದಿನವೇ ಶಾಲೆಗೆ ತಿಳಿಸು. ಬೈಗುಳಕ್ಕೆ ಹೆದರಿ ಪೇಟೆಯಲ್ಲಿ ಯಾರಿಂದಲೋ ಬಿಚ್ಚಿಸಿದರೆ ವಾರಂಟಿ ಇದ್ದರೂ ಕೈತಪ್ಪಬಹುದು, ಆಗ ಖರ್ಚು ಮನೆಯ ಮೇಲೆ ಬರುತ್ತದೆ.

ಹಿಂತಿರುಗಿಸುವ ಹೊತ್ತಿಗೆ ಹೆಚ್ಚಿನ ಮಕ್ಕಳು ಕಳೆದುಕೊಳ್ಳುವುದು ತಮ್ಮದೇ ಬರಹ, ಚಿತ್ರ, ಪ್ರಾಜೆಕ್ಟ್‌ಗಳನ್ನು. ಶಾಲೆ ಯಂತ್ರದಲ್ಲಿರುವುದನ್ನೆಲ್ಲ ಅಳಿಸಿ ಮುಂದಿನವರಿಗೆ ಕೊಡುತ್ತದೆ, ನಿನ್ನ ಖಾತೆಯನ್ನೂ ಮುಚ್ಚಬಹುದು. ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲೇ, ಜನವರಿಯ ಹೊತ್ತಿಗೆ, ಕಡತಗಳನ್ನು ಹೊರಗೆ ಒಯ್ಯಲು ಅನುಮತಿ ಇದೆಯೇ ಎಂದು ಮೇಷ್ಟ್ರನ್ನು ಕೇಳು. ಕನ್ನಡದಲ್ಲಿ ಬರೆದದ್ದನ್ನು ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿ, ಇಟ್ಟಿರಬೇಕು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪ್ರಬಂಧ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ವಿದ್ಯಾರ್ಥಿವೇತನದ ಅರ್ಜಿಗಾಗಲಿ, ಮುಂದೆ ಪಿಯುಸಿ ಪ್ರವೇಶಕ್ಕಾಗಲಿ ಶಾಲೆಯ ಇಮೇಲ್ ವಿಳಾಸ ಕೊಡಬೇಡ. ಅಪ್ಪ ಅಮ್ಮನನ್ನು ಕೇಳಿ ಈಗಲೇ ಒಂದು ಸ್ವಂತ ವಿಳಾಸ ಮಾಡಿಕೋ, ಅದನ್ನು ಅವರ ಮೊಬೈಲ್‌ನಲ್ಲಿ ತೆರೆ. ಜೂನ್‌ನಲ್ಲಿ ಕಾಲೇಜಿನಿಂದ ಬರುವ ಪತ್ರ ಮುಚ್ಚಿಹೋದ ಖಾತೆಗೆ ಬಂದರೆ ನಿನಗೆ ತಿಳಿಯುವುದೇ ಇಲ್ಲ.